ಕೊಂಡಿ ಹಾಕೋರ ಲೆಕ್ಕ ಯಾರ ಹೆಸರಿಗೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಮರೋಳದಿಂದ ಮಾತಾಡ್ತಾ ಇದ್ದೀನಿ. ಹಿಂದೆ ಒಂದು ಸದ್ದು ಕೇಳಿಸಬಹುದು, ಅದು ಹಿಟ್ಟಿನ ಗಿರಣಿದು. ಅದನ್ನ ಸ್ವಲ್ಪ ಹೊತ್ತು ನಿಲ್ಲಿಸ್ರಿ ಅಂತ ಹೇಳೋ ಧೈರ್ಯ ನನಗಿಲ್ಲ. ಸಂಜೆ ರೊಟ್ಟಿ ಎಲ್ಲರ ಮನೆಗೂ ಬೇಕಲ್ಲ.

ಹೋದ ಸಂಚಿಕೆ ಕೇಳಿದ ಒಬ್ಬರು ಒಂದು ಪ್ರಶ್ನೆ ಕಳಿಸಿದ್ರು. "ಬೆಂಗಳೂರು ಬಿಟ್ಟು ಊರಿಗೆ ಬಂದು ಎರಡು ವರ್ಷ ಆಯ್ತಲ್ಲ, ದಿನಾ ಹೇಳೋಕೆ ಅಲ್ಲಿ ಹೊಸದೇನಿರುತ್ತೆ?" ಒಳ್ಳೇ ಪ್ರಶ್ನೆ. ನಾನು ಬಿ.ಕಾಂ. ಓದಿದವಳು. ಈಗ ಇಳಕಲ್ಲಿನ ಮೂರ್ನಾಲ್ಕು ಅಂಗಡಿಗಳ ಲೆಕ್ಕ ಬರೀತೀನಿ, ಜಿಎಸ್‌ಟಿ ರಿಟರ್ನ್ ತುಂಬ್ತೀನಿ. ವಾರಕ್ಕೆ ಎರಡು ದಿನ ಬಸ್ಸು ಹತ್ತಿ ಇಳಕಲ್ಲಿಗೆ ಹೋಗ್ತೀನಿ, ಉಳಿದ ದಿನ ಇಲ್ಲೇ. ಇಷ್ಟೇ ನನ್ನ ಜಗತ್ತು. ಇದರಲ್ಲಿ ಹೊಸದು ಅಂದ್ರೆ ದೊಡ್ಡ ಸುದ್ದಿ ಏನೂ ಇರಲ್ಲ. ದಿನಾ ನೋಡಿದ್ದೇ ಒಂದು ದಿನ ಬೇರೆ ಥರ ಕಾಣುತ್ತೆ, ಅಷ್ಟೇ. ಈ ಸಲ ಅಂಥ ಮೂರು ಸಣ್ಣ ಸಂಗತಿ ಹೇಳ್ತೀನಿ. ಮೊದಲ ಎರಡು ಚಿಕ್ಕವು, ಮೂರನೇದು ಸ್ವಲ್ಪ ಉದ್ದ. ಅದು ನಮ್ಮ ಮನೆತನದ್ದು, ಇನ್ನೂ ಮುಗಿದಿಲ್ಲ.

ಊರಿನ ಹೆಸರು

ಮೊದಲನೇದು ನಮ್ಮೂರಿನ ಹೆಸರಿನ ಬಗ್ಗೆ. ಹುನಗುಂದ ಸೀಮೆ ಬಿಟ್ಟು ಹೊರಗೆ ಎಲ್ಲೇ ಹೋಗಿ ಮರೋಳ ಅಂದ್ರೂ ಯಾರಿಗೂ ಗೊತ್ತಾಗಲ್ಲ. ಆದ್ರೆ ಕೃಷಿ, ನೀರಾವರಿ ಕಡೆ ಕೆಲಸ ಮಾಡೋರ ಮುಂದೆ ಹೇಳಿ ನೋಡಿ, ತಕ್ಷಣ "ಓ, ರಾಮಥಾಳ-ಮರೋಳ!" ಅಂತಾರೆ. ಯಾಕಂದ್ರೆ ಹನಿ ನೀರಾವರಿ ಯೋಜನೆಗೆ ನಮ್ಮೂರ ಹೆಸರಿದೆ. ಸುಮಾರು 24,000 ಹೆಕ್ಟೇರ್ ಹೊಲಕ್ಕೆ ನೆಲದೊಳಗಿನ ಪೈಪಿನ ಮೂಲಕ ನೀರು ಕೊಡೋ ಲೆಕ್ಕಾಚಾರದ ಯೋಜನೆ ಅದು. ನೀರು ಬರೋದು ನಾರಾಯಣಪುರ ಜಲಾಶಯದ ಹಿನ್ನೀರಿನಿಂದ. ಕೃಷ್ಣೆ, ಮಲಪ್ರಭೆ ಕೂಡೋ ಕೂಡಲಸಂಗಮಕ್ಕೆ ಹೋದವರಿಗೆ ಆ ಹಿನ್ನೀರು ಗೊತ್ತು. ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂಥ ಗೋಡೆ ಕಟ್ಟಿರೋದು ಆ ನೀರು ಒಳಗೆ ಬರಬಾರದು ಅಂತಲೇ.

ಇದರಲ್ಲಿ ನನಗೆ ಹೊಳೆದಿದ್ದು ಇಷ್ಟು. ನಾವು ಊರು ಅನ್ನೋದನ್ನ ಹೊರಗಿನವರು ಯೋಜನೆ ಅಂತ ಓದ್ತಾರೆ. ನಮಗೆ ಮರೋಳ ಅಂದ್ರೆ ಅಪ್ಪನ ಎರಿ ಹೊಲ, ಹಿಂಗಾರಿ ಬಿಳಿಜೋಳ, ಕಡಲಿ. ಕಡತದಲ್ಲಿ ಅದೊಂದು ಶೀರ್ಷಿಕೆ. ಎರಡೂ ಸುಳ್ಳಲ್ಲ. ಆದ್ರೆ ಯಾವ ಹೆಸರಿನ ಕೆಳಗೆ ಏನು ಬರೀತಾರೆ ಅನ್ನೋದರ ಮೇಲೆ ಯಾರು ಕಾಣ್ತಾರೆ, ಯಾರು ಕಾಣಲ್ಲ ಅನ್ನೋದು ನಿಂತಿರುತ್ತೆ. ಈ ಮಾತು ನೆನಪಲ್ಲಿಡ್ರಿ, ಮೂರನೇ ಸಂಗತಿಗೆ ಬೇಕಾಗ್ತದೆ.

ಜೋಳಿಗೆಯ ಲೆಕ್ಕ

ಎರಡನೇದು ಇಳಕಲ್ಲಿನ ಮಠದ್ದು. ಚಿತ್ತರಗಿ ವಿಜಯ ಮಹಾಂತೇಶ ಮಠದ ಮುಂದಿನಿಂದ ಎಷ್ಟು ಸಲ ಓಡಾಡಿದ್ದೀನೋ ಲೆಕ್ಕ ಇಲ್ಲ. "ಮಹಾಂತ ಜೋಳಿಗೆ" ಅನ್ನೋ ಮಾತನ್ನ ಸಣ್ಣವಳಿದ್ದಾಗಿನಿಂದ ಕೇಳಿದ್ದೀನಿ. ಹೋದ ತಿಂಗಳು ಒಂದು ಅಂಗಡಿಯಲ್ಲಿ ಲೆಕ್ಕ ಬರೀತಾ ಕೂತಾಗ, ಅಲ್ಲಿಯ ಹಿರಿಯರೊಬ್ಬರು ಅದರ ವಿಷಯ ಬಿಡಿಸಿ ಹೇಳಿದ್ರು.

ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಓಣಿ ಓಣಿ ಹೊರಟರು. ಸ್ವಾಮಿಗಳು ಜೋಳಿಗೆ ಹಿಡಿದ್ರೆ ಜನ ದುಡ್ಡು, ಜೋಳ ಹಾಕ್ತಾರೆ. ಇವರು ಕೇಳಿದ್ದು ಬೇರೆ. ನಿಮ್ಮ ದುಶ್ಚಟ ಇದರಲ್ಲಿ ಹಾಕ್ರಿ ಅಂದ್ರು. ಕುಡಿಯೋನು ಕುಡಿತ ಹಾಕ್ಬೇಕು, ಬೀಡಿ ಸೇದೋನು ಬೀಡಿ ಹಾಕ್ಬೇಕು. ಅವರು 2018ರಲ್ಲಿ ಲಿಂಗೈಕ್ಯರಾದ್ರು. ಈಗ ಅವರು ಹುಟ್ಟಿದ ದಿನ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನ ಅಂತ ಆಚರಿಸ್ತಾರೆ.

ಆ ಹಿರಿಯರು ಹೇಳಿದ ಒಂದು ಮಾತು ನನ್ನಂಥ ಲೆಕ್ಕದವಳಿಗೆ ಹಿಡಿಸ್ತು. "ತಂಗಿ, ಕುಡಿಯೋದು ಬಿಟ್ಟಾಂವನ ಮನ್ಯಾಗ ಆದಾಯ ಹೆಚ್ಚಾಗೂದಿಲ್ಲ. ಮೊದ್ಲಿಂದ ಸೋರಿ ಹೊಕ್ಕಿದ್ದು ಕಣ್ಣಿಗೆ ಬೀಳ್ತೈತಿ, ಅಷ್ಟ." ಅಂದ್ರೆ ಮನೆಯ ಲೆಕ್ಕದಲ್ಲಿ ಬರೆಯದೇ ಬಿಟ್ಟ ಸಾಲುಗಳು ಇರ್ತಾವೆ. ಖರ್ಚಿನ ಕಡೆಯವು ಕೆಲವು. ದುಡಿಮೆಯ ಕಡೆಯವೂ ಇರ್ತಾವೆ ಅನ್ನೋದು ನನಗೆ ಮೂರೇ ವಾರದೊಳಗೆ ದೊಡ್ಡವ್ವನ ಮನೆಯಲ್ಲಿ ಕಂಡಿತು.

ದೊಡ್ಡವ್ವನ ಕುಣಿ ಮಗ್ಗ

ನಮ್ಮ ದೊಡ್ಡವ್ವ, ಅಂದ್ರೆ ಅವ್ವನ ಅಕ್ಕ, ಇಳಕಲ್ಲಿನಲ್ಲಿ ಇರೋದು. ಮನೆಯ ನಡುಕೋಣೆಯಲ್ಲೇ ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಕಾಲು ಕೆಳಗೆ ಇಳಿಬಿಟ್ಟು ಕೂತು ನೇಯೋ ಮಗ್ಗ ಅದು. ದೊಡ್ಡಪ್ಪನೂ ನೇಯ್ತಿದ್ರು, ಮೊಳಕಾಲು ನೋವು ಶುರು ಆದ ಮೇಲೆ ಕುಣಿಗೆ ಇಳಿಯೋದು ಬಿಟ್ರು. ಅಣ್ಣ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗ್ತಾನೆ. ಇಳಕಲ್ ಅಂದ್ರೆ ಸೀರೆ ಎಷ್ಟೋ ಕೆಂಪು ಕಲ್ಲೂ ಅಷ್ಟೇ, ಒಂದೇ ಮನೆಯಲ್ಲಿ ಎರಡೂ ಕಸುಬು ಇರೋದು ಇಲ್ಲಿ ಮಾಮೂಲು. ವೈನಿ ಮನೆಗೆಲಸ ಮಾಡ್ತಾರೆ, ಮಗಳನ್ನ ಸಾಲಿಗೆ ಕಳಿಸ್ತಾರೆ, ಜತೆಗೆ ಮಗ್ಗದ ಕೆಲಸಕ್ಕೂ "ಸ್ವಲ್ಪ ಕೈ ಹಚ್ತಾರೆ". ಈ "ಸ್ವಲ್ಪ ಕೈ ಹಚ್ಚೋದು" ಅನ್ನೋ ಮಾತು ಮನೆಯವರೆಲ್ಲ ಹೇಳೋದು, ವೈನಿನೂ ಹಾಗೇ ಹೇಳೋದು.

ಸಾವ್ಕಾರ್ರು ನೂಲು ಕೊಡ್ತಾರೆ, ಸೀರೆ ನೇಯ್ದು ಕೊಟ್ಟ ಮೇಲೆ ಒಂದು ಸೀರೆಗೆ ಇಷ್ಟು ಅಂತ ಮಜೂರಿ ಕೊಡ್ತಾರೆ. ಒಂದು ಸಣ್ಣ ಪುಸ್ತಕ ಇದೆ, ಅದರಲ್ಲಿ ದೊಡ್ಡವ್ವನ ಹೆಸರು, ಸೀರೆಯ ಸಂಖ್ಯೆ, ಮಜೂರಿ. ಅಷ್ಟೇ.

ಒಂದು ದಿನ ನಾನು ಸೂಸಲ-ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದೆ. ದೊಡ್ಡವ್ವ ಮಗ್ಗದಿಂದ ಏಳದೇನೇ ಹೇಳಿದಳು:

"ಉಗಾದಿ ಆದ ಮ್ಯಾಲೆ ಈ ಮಗ್ಗ ಬಿಚ್ಚಿಸಿ ಕುಣಿ ಮುಚ್ಚಿಸ್ತೇನವ್ವ. ಮೊಮ್ಮಗಳಿಗೆ ಓದಾಕ ಒಂದು ಜಾಗಾ ಆಕ್ಕೈತಿ."

"ಯಾಕ ದೊಡ್ಡವ್ವ, ಏನಾತು?"

"ನಿನ್ನ ವೈನಿಗೆ ಬಟ್ಟಿ ಅಂಗಡ್ಯಾಗ ಕೆಲಸ ಸಿಗಾಕತ್ತೈತಿ. ತಿಂಗಳ ಪಗಾರ. ಆಕಿ ಹೋಗ್ತೇನಂತಾಳ. ಹೋಗವಲ್ಲಳ್ಯಾಕ? ನನಗೊಬ್ಬಾಕಿಗೆ ಮಗ್ಗ ಉಳಸಾಕ ಆಗೂದಿಲ್ಲ. ನೀ ಲೆಕ್ಕ ಓದಿದಾಕಿ, ಒಂದ್ಸಲ ಲೆಕ್ಕ ಹಾಕಿ ಹೇಳು. ಇಷ್ಟು ವರ್ಷ ನೇಯ್ದದ್ದರಾಗ ನನಗ ಏನರ ಉಳದೈತೋ, ಇಲ್ಲೋ?"

ಕೇಳುಗರೇ, ಈ ಮಾತಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಒಂದು. ನೇಯೋದು ದೊಡ್ಡವ್ವ. ಪುಸ್ತಕದಲ್ಲಿ ಹೆಸರಿರೋದು ದೊಡ್ಡವ್ವಂದು. ಕೆಲಸಕ್ಕೆ ಹೋಗೋದು ವೈನಿ. "ಸ್ವಲ್ಪ ಕೈ ಹಚ್ಚೋರು" ಹೋದ್ರೆ ಇಡೀ ಮಗ್ಗ ಯಾಕೆ ನಿಲ್ಲಬೇಕು?

ಕೊಂಡಿ ಅಂದ್ರೆ ಏನು

ಉತ್ತರ ಸೀರೆ ಒಳಗೇ ಇದೆ. ಇಳಕಲ್ ಸೀರೆ ಉಟ್ಟವರೂ ಎಷ್ಟೋ ಜನ ಇದನ್ನ ಗಮನಿಸಿರಲ್ಲ, ಹಾಗಾಗಿ ಬಿಡಿಸಿ ಹೇಳ್ತೀನಿ.

ಬಟ್ಟೆಯಲ್ಲಿ ಉದ್ದಕ್ಕೆ ಹೋಗೋ ಎಳೆ ಹಾಸು, ಅಡ್ಡಕ್ಕೆ ಹೋಗೋ ಎಳೆ ಹೊಕ್ಕು. ಹೆಚ್ಚಿನ ಸೀರೆಗಳಲ್ಲಿ ಮೈಗೂ ಸೆರಗಿಗೂ ಹಾಸು ಒಂದೇ. ಮೈಯ ಹಾಸು ಹಸಿರಿದ್ದು ಸೆರಗಿಗೆ ಕೆಂಪು ಹೊಕ್ಕು ಹಾಕಿದ್ರೆ, ಅಡಿಯಿಂದ ಹಸಿರು ಇಣುಕುತ್ತೆ. ಅಪ್ಪಟ ಕೆಂಪು ಬರಲ್ಲ. ಇಳಕಲ್ ಸೀರೆಯ ಸೆರಗು ಮಾತ್ರ ಅಪ್ಪಟ ಕೆಂಪು, ನಡುವೆ ಬಿಳಿ. ಅದು ಹೇಗೆ ಬರುತ್ತೆ? ಸೆರಗಿಗೆ ಹಾಸನ್ನೇ ಬೇರೆ ಮಾಡ್ತಾರೆ. ಮೈಗೆ ಹತ್ತಿ ಅಥವಾ ಬೇರೆ ನೂಲಿನ ಹಾಸು, ಸೆರಗಿಗೆ ರೇಷ್ಮೆ ಹಾಸು. ಎರಡನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸ್ತಾರೆ. ಮೈಯ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ. ಒಂದೊಂದು ಎಳೆಗೂ ಹೀಗೆ, ಸೀರೆಯ ಅಗಲಕ್ಕೆ ಇರೋ ಸಾವಿರಾರು ಎಳೆಗೂ. ಇದಕ್ಕೇ ಕೊಂಡಿ ಅನ್ನೋದು.

ನಿಮ್ಮ ಮನೆಯಲ್ಲಿ ಹಳೇ ಇಳಕಲ್ ಸೀರೆ ಇದ್ರೆ ಮೈ ಮುಗಿದು ಸೆರಗು ಶುರು ಆಗೋ ಗೆರೆ ಮೇಲೆ ಬೆರಳಾಡಿಸಿ ನೋಡಿ. ಸಣ್ಣಗೆ ಒಂದು ಏರು ಸಿಗುತ್ತೆ. ಅದೇ ಕೊಂಡಿಯ ಸಾಲು.

ಸೆರಗಿನ ತುದಿಯ ಹಲ್ಲಿನಂಥ ವಿನ್ಯಾಸಗಳಿಗೂ ಹೆಸರಿದೆ. ಬಾಚಣಿಕೆ ಥರ ಇದ್ರೆ ಹಣಿಗೆ. ಕೋಟೆಯ ತೆನೆಗೋಡೆ ಥರ ಇದ್ರೆ ಕೋಟಿ ಕಮ್ಮಲಿ. ಬೆಟ್ಟದ ಸಾಲಿನಂತೆ ಇದ್ರೆ ರಂಪ. ಇನ್ನೊಂದು ತೋಪು ತೆನಿ. ತೆನಿ ಅಂದ್ರೆ ಜೋಳದ ತೆನೆ. ಬೆಂಗಳೂರಲ್ಲಿದ್ದಾಗ ಈ ಥರದ್ದನ್ನೆಲ್ಲ ಒಟ್ಟಿಗೆ "ಟೆಂಪಲ್ ಡಿಸೈನ್" ಅಂತ ಕರೆಯೋದು ಕೇಳಿದ್ದೆ. ಗುಡಿಯ ಗೋಪುರ ಕಂಡವರಿಗೆ ಗುಡಿ, ಜೋಳ ಬೆಳೆಯೋರಿಗೆ ತೆನಿ. ಅಪ್ಪನ ಹೊಲದಲ್ಲಿ ನಿಂತಿರೋದು, ದೊಡ್ಡವ್ವನ ಸೆರಗಿನಲ್ಲಿ ನಿಂತಿರೋದು ಒಂದೇ ಬೆಳೆ ಅಂತ ಗೊತ್ತಾದ ದಿನ ನನಗೆ ಬಹಳ ಖುಷಿ ಆಯ್ತು.

ಆದ್ರೆ ಕೊಂಡಿಗೆ ಒಂದು ಬೆಲೆ ಇದೆ, ಅದು ಲೆಕ್ಕದ ವಿಷಯ. ಕೊಂಡಿ ಇಲ್ಲದ ಸೀರೆಗೆ ಹಾಸನ್ನ ಉದ್ದಕ್ಕೆ, 22 ಗಜದಷ್ಟು, ಒಮ್ಮೆಲೇ ಮಾಡಿಕೊಂಡು ಸಾಲಾಗಿ ಸೀರೆ ನೇಯ್ಕೊಂಡು ಹೋಗಬಹುದು. ಕೊಂಡಿ ಸೀರೆಗೆ ಹಾಗಾಗಲ್ಲ. 6, 8 ಅಥವಾ 9 ಗಜ, ಅಂದ್ರೆ ಒಂದೇ ಸೀರೆಗೆ ಬೇಕಾದಷ್ಟು ಹಾಸು. ಆ ಸೀರೆ ಮುಗೀತಾ, ಮತ್ತೆ ಹೊಸ ಹಾಸು, ಮತ್ತೆ ಸಾವಿರಾರು ಕೊಂಡಿ. ಕಾಮರ್ಸ್ ಭಾಷೆಯಲ್ಲಿ ಹೇಳ್ಬೇಕಂದ್ರೆ, ಯಂತ್ರದ ಮಗ್ಗದವರು ತಯಾರಿ ಖರ್ಚನ್ನ ಹತ್ತಾರು ಸೀರೆಗೆ ಹಂಚ್ತಾರೆ. ಕೊಂಡಿ ಸೀರೆ ಆ ಖರ್ಚನ್ನ ಒಂದೇ ಮೈಮೇಲೆ ಹೊರುತ್ತೆ. ಇಳಕಲ್ ಸೀರೆಯನ್ನ ಇಳಕಲ್ ಸೀರೆ ಮಾಡೋದೂ ಅದೇ, ದುಬಾರಿ ಮಾಡೋದೂ ಅದೇ.

ಮತ್ತೆ ದೊಡ್ಡವ್ವನ ಮನೆಯಲ್ಲಿ ಆ ಕೊಂಡಿ ಹಾಕೋರು ಯಾರು? ವೈನಿ.

ಒಂದು ಸೀರೆ, 40 ತಾಸು

ಲೆಕ್ಕ ಹಾಕೋಕೆ ನಾನು ಹೊಸ ನೋಟುಬುಕ್ಕು ತಂದೆ. ನಾಲ್ಕು ಕಾಲಮ್ಮು: ಯಾರು, ಏನು ಕೆಲಸ, ಯಾವಾಗ ಶುರು, ಯಾವಾಗ ಮುಗೀತು. ದೊಡ್ಡವ್ವ ಮೊದಲು ನಕ್ಕಳು. "ಇದೇನ ಸಾಲಿ ಹಾಜರಿ ಪುಸ್ತಕಾನ?" ಅಂದ್ಲು. ಆದ್ರೂ ಬರೆಯೋ ಜವಾಬ್ದಾರಿ ಮೊಮ್ಮಗಳಿಗೆ ಕೊಟ್ವಿ. ಐದನೇತ್ತೆ ಓದೋ ಹುಡುಗಿ, ಗಡಿಯಾರ ನೋಡಿ ಒಂದು ನಿಮಿಷ ಬಿಡದಂಗೆ ಬರೆದಳು. ಅಜ್ಜಿ ಚಹಾ ಕುಡಿಯೋಕೆ ಎದ್ದಿದ್ದನ್ನೂ ಬಿಡಲಿಲ್ಲ.

ಒಂದು ಸೀರೆ ಮುಗಿಯೋ ಹೊತ್ತಿಗೆ ಪುಸ್ತಕದಲ್ಲಿ ಬಂದಿದ್ದು ಇದು. ದೊಡ್ಡವ್ವ ಮಗ್ಗದ ಮೇಲೆ ಕೂತಿದ್ದು 24 ತಾಸು. ದೊಡ್ಡಪ್ಪ ಹಾಸು ಸರಿ ಮಾಡೋದು, ಮಗ್ಗಕ್ಕೆ ಏರಿಸೋದು, ನೂಲು ತರೋದು, ಸೀರೆ ಕೊಟ್ಟು ಬರೋದು ಎಲ್ಲ ಸೇರಿ 5 ತಾಸು. ವೈನಿ ಲಾಳಿಗೆ ಕಂಡಿಕಿ ಸುತ್ತಿದ್ದು 4 ತಾಸು, ಕೊಂಡಿ ಹಾಕಿದ್ದು 7 ತಾಸು, ಒಟ್ಟು 11. ಎಲ್ಲ ಕೂಡಿ 40 ತಾಸು.

ಮಜೂರಿ ಎಷ್ಟು ಅನ್ನೋದನ್ನ ಇಲ್ಲಿ ಹೇಳಲ್ಲ ಅಂತ ದೊಡ್ಡವ್ವಗೆ ಮಾತು ಕೊಟ್ಟಿದ್ದೀನಿ. ಅದು ಅವಳ ಮತ್ತು ಸಾವ್ಕಾರ್ರ ನಡುವಿನ ವಿಷಯ. ಲೆಕ್ಕ ತಿಳಿಯೋಕೆ ಅದು ಬೇಕಾಗೂ ಇಲ್ಲ. ಒಂದು ಸೀರೆಯ ಮಜೂರಿಯನ್ನ ನೂರು ಪಾಲು ಅಂತ ಇಟ್ಕೊಳ್ಳಿ. ತಾಸಿನ ಪ್ರಕಾರ ಹಂಚಿದ್ರೆ ದೊಡ್ಡವ್ವನಿಗೆ 60 ಪಾಲು, ವೈನಿಗೆ 27 ಅರ್ಧ, ದೊಡ್ಡಪ್ಪಗೆ 12 ಅರ್ಧ. ಆದ್ರೆ ಮನೆಯಲ್ಲಿ ಎಲ್ಲರೂ ತಿಳಿದಿದ್ದು ಆ ನೂರೂ ಪಾಲು 24 ತಾಸಿನ ದುಡಿಮೆ ಅಂತ. ಅಂದ್ರೆ ತಾಸಿಗೆ ನೂರು ರೂಪಾಯಿ ಸಿಗ್ತಾ ಇದೆ ಅಂತ ನೀವು ನಂಬಿಕೊಂಡಿದ್ರೆ, ನಿಜವಾಗಿ ಸಿಗ್ತಾ ಇದ್ದದ್ದು ಅರವತ್ತು. ಉಳಿದ ನಲವತ್ತನ್ನ ಇನ್ನಿಬ್ಬರು ತಮ್ಮ ಹೊತ್ತು ಕೊಟ್ಟು ತುಂಬ್ತಾ ಇದ್ರು, ಬಿಟ್ಟಿಯಾಗಿ.

ಇದನ್ನ ಓದಿ ಹೇಳಿದಾಗ ವೈನಿ ಒಲೆ ಮುಂದೆ ಇದ್ರು. ರೊಟ್ಟಿ ಬಡಿಯೋ ಸದ್ದು ನಿಂತಿತು. ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

"ಹಂಗಾದ್ರ ನನ್ನ ಮಗ್ಗ ನಡಿಸಿದಾಕಿ ನಾ ಒಬ್ಬಾಕೆ ಅಲ್ಲ ಅನ್ನು."

ವೈನಿ ಒಳಗಿಂದ ಅಂದ್ರು, "ಅತ್ತಿ, ನಾ ಏನ್ ಕೇಳಿನೇನು?"

"ನೀ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದಕ್ಕ ಈಗ ಅಂಗಡಿಯವ್ರು ಕೇಳಾಕತ್ತಾರ."

ಈ ಒಂದು ಮಾತಿಗಿಂತ ಚೆನ್ನಾಗಿ ಇದನ್ನ ನಾನು ಹೇಳಲಾರೆ. ಅಂಗಡಿಯವರು ವೈನಿಯ ಹೊತ್ತಿಗೆ ಬೆಲೆ ಕಟ್ಟಿದ್ರು. ಮನೆ ಕಟ್ಟಿರಲಿಲ್ಲ.

ಇದು ಒಂದು ಮನೆ ಕತೆ ಅಲ್ಲ

ಮನೆಗೆ ಬಂದು ಸ್ವಲ್ಪ ಓದಿದೆ. ನಮ್ಮ ದೇಶದ ನಾಲ್ಕನೇ ಕೈಮಗ್ಗ ಗಣತಿ ನಡೆದದ್ದು 2019-20ರಲ್ಲಿ. ಅದರ ಪ್ರಕಾರ ಕೈಮಗ್ಗದ ಕೆಲಸದಲ್ಲಿ ಇರೋರು 35 ಲಕ್ಷಕ್ಕೂ ಹೆಚ್ಚು. ಅದರಲ್ಲಿ ನೇಯೋರು 26 ಲಕ್ಷ ಚಿಲ್ಲರೆ, ಉಳಿದ 8 ಲಕ್ಷ ಚಿಲ್ಲರೆ ಜನ ನೂಲು ಸುತ್ತೋದು, ಹಾಸು ಮಾಡೋದು ಇಂಥ ಪೂರಕ ಕೆಲಸದವರು. ಒಟ್ಟಾರೆ 70ಕ್ಕೂ ಹೆಚ್ಚು ಪ್ರತಿಶತ ಹೆಂಗಸರು. ನೇಕಾರರ ಮನೆಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮನೆಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ.

ನೋಡಿ, ಸರ್ಕಾರದ ಗಣತಿಯಲ್ಲಿ ಪೂರಕ ಕೆಲಸದವರಿಗೆ ಒಂದು ಕಾಲಮ್ಮು ಇದೆ. ದೊಡ್ಡವ್ವನ ಮಜೂರಿ ಪುಸ್ತಕದಲ್ಲಿ ಆ ಕಾಲಮ್ಮು ಇಲ್ಲ.

ಕಾನೂನೂ ಇದೆ. ಯಂತ್ರದ ಮಗ್ಗದ ಪೈಪೋಟಿಯಿಂದ ಕಾಪಾಡೋಕೆ ಕೆಲವು ಬಗೆಯ ಬಟ್ಟೆಗಳನ್ನ ಕೈಮಗ್ಗಕ್ಕೇ ಮೀಸಲಿಟ್ಟ ಕಾಯ್ದೆ 1985ರದ್ದು. ಮೊದಲು 22 ಬಗೆ ಇದ್ದವು, ಈಗ 11. ಆ ಪಟ್ಟಿಯಲ್ಲಿ ಸೀರೆಯೂ ಇದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ರಾಜ್ಯ ಸರ್ಕಾರ 2020ರಲ್ಲಿ ನೇಕಾರ ಸಮ್ಮಾನ್ ಅಂತ ವರ್ಷಕ್ಕೆ 2,000 ರೂಪಾಯಿ ಕೊಡೋದು ಶುರು ಮಾಡ್ತು, ಆಮೇಲೆ ಅದನ್ನ 5,000ಕ್ಕೆ ಏರಿಸಿದರು. ಇವೆಲ್ಲ ಬೇಕು, ಬೇಡ ಅನ್ನಲ್ಲ. ಆದ್ರೆ ಇವು ಸೀರೆಯನ್ನ ಕಾಪಾಡ್ತಾವೆ, ಮಗ್ಗವನ್ನ ಕಾಪಾಡ್ತಾವೆ. ಕೊಂಡಿ ಹಾಕೋ ಕೈ ಮನೆ ಬಿಟ್ಟು ಹೊರಟ್ರೆ ಅದನ್ನ ತಡೆದು ನಿಲ್ಲಿಸೋದು ಯಾವ ಕಾಯ್ದೆಯೂ ಅಲ್ಲ, ತಡೆಯಲೂಬಾರದು. ಅವರಿಗೆ ಉಳಿಯೋಕೆ ಕಾರಣ ಬೇಕು, ಅಷ್ಟೇ.

ರಾತ್ರಿ ನಿದ್ದೆ ಬರದಿದ್ದಾಗ ನಾನು ಬೇರೆ ದೇಶಗಳ ಸಣ್ಣ ಊರುಗಳ ವೀಡಿಯೋ ನೋಡ್ತೀನಿ. ಥಾಯ್ಲೆಂಡಿನ ಈಸಾನ್ ಅನ್ನೋ ಈಶಾನ್ಯ ಸೀಮೆಯದ್ದು ಹೆಚ್ಚು. ಒಣ ಭೂಮಿ, ದೂರದ ರಾಜಧಾನಿಗೆ ದುಡಿಯೋಕೆ ಹೋದ ಹುಡುಗರು, ಸಂತೆ, ಮನೆ ಅಂಗಳದಲ್ಲಿ ಮಗ್ಗ. ಹೆಸರು ಬದಲಿಸಿದ್ರೆ ನಮ್ಮದೇ ಜಿಲ್ಲೆ. ಅಲ್ಲಿಯ ಮದ್‌ಮೀ ರೇಷ್ಮೆಗೆ ನೇಯೋ ಮೊದಲೇ ನೂಲನ್ನ ಅಲ್ಲಲ್ಲಿ ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ಚಿತ್ರ ಹುಟ್ಟೋದು ಮಗ್ಗದ ಮೇಲಲ್ಲ, ಆ ಕಟ್ಟೋ ಕೈಯಲ್ಲಿ. ಅಲ್ಲಿನ ಸರ್ಕಾರ 2001ರಲ್ಲಿ "ಒಂದು ತಂಬೋನ್, ಒಂದು ಉತ್ಪನ್ನ" ಅಂತ ಯೋಜನೆ ತಂತು. ತಂಬೋನ್ ಅಂದ್ರೆ ನಮ್ಮ ಹೋಬಳಿ ಇದ್ದಂಗೆ. ಅದಕ್ಕೆ ಮಾದರಿ ಜಪಾನಿನ ಒಯಿತಾ ಪ್ರಾಂತ್ಯದಲ್ಲಿ 1979ರಲ್ಲಿ ಶುರುವಾದ "ಒಂದು ಹಳ್ಳಿ, ಒಂದು ಉತ್ಪನ್ನ". ನಮ್ಮಲ್ಲೂ ಈಗ ಒಂದು ಜಿಲ್ಲೆ, ಒಂದು ಉತ್ಪನ್ನ ಅಂತಿದೆ.

ಈ ಮೂರೂ ಹೆಸರುಗಳನ್ನ ಒಟ್ಟಿಗೆ ಇಟ್ಟು ನೋಡಿದ್ರೆ ಊರಿಗೆ ಹೆಸರಿದೆ, ಉತ್ಪನ್ನಕ್ಕೆ ಹೆಸರಿದೆ. ಮಾಡೋರ ಹೆಸರಿಗೆ ಜಾಗ ಆ ಹೆಸರಿನೊಳಗಿಲ್ಲ. ಅದನ್ನ ಮನೆ ಪುಸ್ತಕದಲ್ಲೇ ನಾವು ಬರ್ಕೋಬೇಕು.

ಈಗ ಎಲ್ಲಿಗೆ ಬಂದಿದೆ

ಆ ನೋಟುಬುಕ್ಕು ತಗೊಂಡು ದೊಡ್ಡವ್ವ, ವೈನಿ, ನಾನು ಮೂವರೂ ಸಾವ್ಕಾರ್ರ ಹತ್ರ ಹೋದ್ವಿ. ದೊಡ್ಡವ್ವ ಯಾವತ್ತೂ ಹಾಗೆ ಹೋದವಳಲ್ಲ, ದೊಡ್ಡಪ್ಪನೇ ಹೋಗಿ ಬರೋದು. ಸಾವ್ಕಾರ್ರು ಕೂರಿಸಿ ಚಹಾ ತರಿಸಿದ್ರು, ಪುಸ್ತಕ ತಿರುವಿ ನೋಡಿದ್ರು.

"ಅಕ್ಕಾರ, ನೀವ್ ಹೇಳೂದು ಖರೇ ಐತಿ. ಆದ್ರ ಮಜೂರಿ ಹೆಚ್ಚು ಮಾಡಾಕ ಆಗೂದಿಲ್ಲ ನೋಡ್ರಿ. ನಿಮಗೊಬ್ರಿಗೆ ಮಾಡಿದ್ರ ಎಲ್ಲಾರ್ಗೂ ಮಾಡಬೇಕು. ಅಷ್ಟಕ್ಕ ಮಾರ್ಕೆಟ್‌ನ್ಯಾಗ ತೊಗೊಳ್ಳೋರು ಬೇಕಲ್ರಿ."

ಅವರ ಕಡೆಯಿಂದ ಅದೂ ನಿಜವೇ. ಪಕ್ಕದಲ್ಲೇ ಕೊಂಡಿ ಇಲ್ಲದ ಯಂತ್ರದ ಸೀರೆ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗ್ತಾ ಇರುವಾಗ ಕೊಳ್ಳೋರು ವ್ಯತ್ಯಾಸ ಕೇಳಲ್ಲ.

ಆಗ ದೊಡ್ಡವ್ವ ನಾನು ಹೇಳಿಕೊಡದ ಒಂದು ಮಾತು ಹೇಳಿದಳು. "ಹೆಚ್ಚು ಬ್ಯಾಡ್ರಿ. ಇದ್ದದ್ದರಾಗ ಕೊಂಡಿ ಮಜೂರಿ ಬ್ಯಾರೆ ಬರೀರಿ. ಅದು ಆಕಿ ಹೆಸರಿಗೆ, ಆಕಿ ಖಾತೆಕ್ಕ ಹಾಕ್ರಿ. ನನ್ನದರಾಗ ಕಡಿಮಿ ಮಾಡ್ರಿ."

ಕೇಳುಗರೇ, ಇದನ್ನ ಸುಲಭ ಅಂತ ತಿಳಿಬೇಡಿ. ಒಟ್ಟು ದುಡ್ಡು ಒಂದು ರೂಪಾಯಿನೂ ಹೆಚ್ಚಾಗಿಲ್ಲ. ಜೀವಮಾನವೆಲ್ಲ ತನ್ನ ಹೆಸರಿಗೆ ಬರ್ತಿದ್ದ ಮಜೂರಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತಾನೇ ಕಡಿಮೆ ಮಾಡಿಸಿಕೊಂಡು ಬಂದಳು. ಮನೆಗೆ ಬಂದ ಮೇಲೆ ದೊಡ್ಡಪ್ಪ ಒಂದು ದಿನ ಮಾತಾಡಲಿಲ್ಲ. "ನಂದೂ ಹನ್ನೆರಡೂವರೆ ಐತೆಲ್ಲ, ಅದನ್ನ ಯಾಕ ಬರಸಲಿಲ್ಲ?" ಅಂತ ಮರುದಿನ ಕೇಳಿದ್ರಂತೆ. ತಮಾಷೆಗೋ ನಿಜಕ್ಕೋ ಇನ್ನೂ ಗೊತ್ತಾಗಿಲ್ಲ.

ಇನ್ನೊಂದು ಬೆಳವಣಿಗೆ. ಅದೇ ಓಣಿಯಲ್ಲಿ ಮಗ್ಗ ಇರೋ ಎರಡು ಮನೆಗಳಲ್ಲಿ ಕೊಂಡಿ ಹಾಕೋರು ಇಲ್ಲ. ಒಂದು ಮನೆಯ ಸೊಸೆ ಬಾಣಂತಿ, ಇನ್ನೊಂದರಲ್ಲಿ ಅಜ್ಜಿಗೆ ಕಣ್ಣು ಕಾಣಲ್ಲ. ವೈನಿ ಈಗ ಮಧ್ಯಾಹ್ನ ಅವರಿಗೂ ಕೊಂಡಿ ಹಾಕಿ ಕೊಡ್ತಾರೆ, ಒಂದು ಸೀರೆಗೆ ಇಷ್ಟು ಅಂತ ಮೊದಲೇ ಮಾತಾಡಿಕೊಂಡು. ಮನೆಯೊಳಗೆ ಬೆಲೆ ಇಲ್ಲದ ಕೆಲಸಕ್ಕೆ ಪಕ್ಕದ ಮನೆಯಲ್ಲಿ ಬೆಲೆ ಸಿಕ್ತು. ಮನೆಯಲ್ಲಿ ಬೆಲೆ ಕಟ್ಟಿದ ಮೇಲೇನೇ ಅದನ್ನ ಹೊರಗೆ ಕೇಳೋಕೆ ಬಾಯಿ ಬಂತು ಅಂತ ವೈನಿ ಹೇಳ್ತಾರೆ.

ಹಾಗಾದ್ರೆ ಬಟ್ಟೆ ಅಂಗಡಿ ಕೆಲಸ? ಅದನ್ನ ಬಿಟ್ಟಿಲ್ಲ. ಅಂಗಡಿಯವರು ಉಗಾದಿ ತನಕ ಟೈಮ್ ಕೊಟ್ಟಿದ್ದಾರೆ. ಮೊನ್ನೆ ನಾನು ಕೇಳಿದೆ, "ವೈನಿ, ಏನ್ ಮಾಡ್ತೀರಿ?" ಅಂತ. ಕೈಯಲ್ಲಿ ಕೊಂಡಿ ಎಳೆ ಹಿಡಿದುಕೊಂಡೇ ಹೇಳಿದ್ರು: "ಎರಡು ತಿಂಗಳ ಪುಸ್ತಕ ನೋಡೂಣು. ಪಗಾರಿಗಿಂತ ಹೆಚ್ಚಾದ್ರ ಕೂಡ್ತೇನಿ. ಕಡಿಮಿ ಆದ್ರ ಹೋಗ್ತೇನಿ. ಅತ್ತಿನೂ ಹೂಂ ಅಂದಾಳ."

ನನಗೆ ಮಗ್ಗ ಉಳೀಲಿ ಅಂತ ಆಸೆ. ಆದ್ರೆ ಆ ಆಸೆಗೆ ವೈನಿಯ 11 ತಾಸು ಬಿಟ್ಟಿ ಕೇಳೋ ಹಕ್ಕು ನನಗಿಲ್ಲ. ಇಳಕಲ್ ಸೀರೆ ಉಳೀಬೇಕು ಅಂತ ಭಾಷಣ ಮಾಡೋರಿಗೂ ಇಲ್ಲ. ಆಗಸ್ಟ್ 7ಕ್ಕೆ ರಾಷ್ಟ್ರೀಯ ಕೈಮಗ್ಗ ದಿನ ಬರುತ್ತೆ, ನಾವೆಲ್ಲ ಸೀರೆ ಉಟ್ಟು ಫೋಟೋ ಹಾಕ್ತೀವಿ. ಹಾಕೋಣ. ಜತೆಗೆ ಕೊಳ್ಳುವಾಗ ಒಂದು ಪ್ರಶ್ನೆ ಕೇಳೋಣ: "ಇದಕ್ಕೆ ಕೊಂಡಿ ಐತೇನ್ರಿ?" ಬಹಳ ಜನ ಕೇಳಿದ್ರೆ ಅಂಗಡಿಯವರು ಸಾವ್ಕಾರ್ರನ್ನ ಕೇಳ್ತಾರೆ. ಆಗ ಕೊಂಡಿಗೆ ಬೇರೆ ಬೆಲೆ ಕಟ್ಟೋಕೆ ಸಾವ್ಕಾರ್ರಿಗೂ ಒಂದು ಕಾರಣ ಸಿಗುತ್ತೆ.

ನಿಮ್ಮ ಮನೆಯಲ್ಲಿ ಮಗ್ಗ ಇರಲಿಕ್ಕಿಲ್ಲ. ಅಂಗಡಿ ಇರಬಹುದು, ಹೊಲ ಇರಬಹುದು, ಖಾನಾವಳಿ ಇರಬಹುದು. ಅಲ್ಲಿ "ಸ್ವಲ್ಪ ಕೈ ಹಚ್ಚೋರು" ಯಾರು ಅಂತ ಒಂದು ವಾರ ಗಡಿಯಾರ ಇಟ್ಟು ಬರೆದು ನೋಡಿ. ಬರೆಯೋಕೆ ಮನೆಯ ಸಣ್ಣ ಹುಡುಗಿಗೆ ಹೇಳಿ, ಆಕೆ ಯಾರ ಮುಲಾಜೂ ನೋಡಲ್ಲ. ಏನು ಸಿಕ್ಕಿತು ಅಂತ ನನಗೆ ಧ್ವನಿ ಸಂದೇಶ ಕಳಿಸಿ, ಒಪ್ಪಿಗೆ ಇದ್ರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ.

ಉಗಾದಿ ಆದ ಮೇಲೆ ದೊಡ್ಡವ್ವನ ಪುಸ್ತಕದ ಲೆಕ್ಕ ಹೇಳ್ತೀನಿ, ಯಾವ ಕಡೆ ಬಿದ್ರೂ. ಮುಂದಿನ ವಾರ ಅಪ್ಪನ ಹೊಲದ ಜೋಳದ ರಾಶಿ, ಅಲ್ಲೂ ಬರೆಯದ ಸಾಲುಗಳು ಭಾಳ ಅದಾವು. ಬರ್ತೀನ್ರಿ, ನಮಸ್ಕಾರ.